ಆಂಬರ್ ಏಲ್: ಕ್ಯಾರಮೆಲ್ಲೋ, ಬೆಣ್ಣೆಯೋ?

ಬಿಯರ್‌ಗೆ ಅಂಕ ಕೊಡುವ ಜಡ್ಜ್‌ಗಳಿಗೆ ಬಿಜೆಸಿಪಿ ಎಂಬ ಸಂಸ್ಥೆ ನಡೆಸುವ ಪರೀಕ್ಷೆಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಅಮೆರಿಕನ್ ಆಂಬರ್ ಏಲ್ ನೋಡೋಕೆ ಸುಲಭದ ಬಿಯರ್. ಅಂಕ ಕೊಡುವಾಗ ಮಾತ್ರ ಅದು ಚೆನ್ನಾಗಿ ಪರೀಕ್ಷೆ ಮಾಡುತ್ತದೆ.

ಮೊದಲು ಲೆಕ್ಕ. ಬಣ್ಣ 10ರಿಂದ 17 ಎಸ್‌ಆರ್‌ಎಂ (ಬಣ್ಣ ಎಷ್ಟು ಗಾಢ ಎಂಬುದರ ಅಳತೆ), ಕಹಿ 25ರಿಂದ 40 ಐಬಿಯು (ಕಹಿಯ ಅಳತೆ), ಆಲ್ಕೋಹಾಲ್ ಶೇ. 4.5ರಿಂದ 6.2. ಅಂಕಪಟ್ಟಿ ಒಟ್ಟು 50ಕ್ಕೆ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ 3 ಅಂಕ. ಗ್ಲಾಸು ಎತ್ತಿ ಆ ತಾಮ್ರದ ಬಣ್ಣ ನೋಡುತ್ತಾ ನಿಲ್ಲಬೇಡಿ, ಪರಿಮಳ ಹಾರಿಹೋಗುತ್ತದೆ. ಸುರಿದ ಕೂಡಲೇ ಮೂಗಿಗೆ ಹಿಡಿಯಿರಿ. ಉದ್ದಕ್ಕೆ ಎಳೆಯಬೇಡಿ, ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ ಮೂಸಿ.

ಮೂಸಿದಾಗ ಏನು ಸಿಗಬೇಕು? ಒಂದು, ಕ್ಯಾರಮೆಲ್ ಮಾಲ್ಟ್. ಇನ್ನೂ ಒದ್ದೆಯಿರುವ ಮೊಳಕೆ ಬಾರ್ಲಿಯನ್ನು ಬೆಚ್ಚಗಿಟ್ಟರೆ ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಹುರಿದಾಗ ಆ ಸಕ್ಕರೆ ಕೆಂಪಗಾಗುತ್ತದೆ. ಪಾಯಸಕ್ಕೆ ಬೆಲ್ಲ ಕರಗಿಸುವಾಗ ಪಾತ್ರೆಯಿಂದ ಏಳುವ ವಾಸನೆ ಇದೆಯಲ್ವಾ, ಅದಕ್ಕೆ ಹತ್ತಿರ. ಇನ್ನೊಂದು, ಹಾಪ್ಸ್, ಅಂದರೆ ಬಿಯರ್‌ಗೆ ಕಹಿ ಮತ್ತು ಪರಿಮಳ ಕೊಡುವ ಹೂವು. 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿ ಈ ಬಗೆಯ ಬಿಯರ್‌ಗಳಲ್ಲಿ ತುಂಬಾ ಬಳಕೆಯಲ್ಲಿದೆ. ಪುಸ್ತಕಗಳು ಅದರ ವಾಸನೆಯನ್ನು ಗ್ರೇಪ್‌ಫ್ರೂಟ್ ಎನ್ನುತ್ತವೆ. ನಮಗೆ ಚಕ್ಕೋತ ನೆನೆಸಿಕೊಂಡರೆ ಸಾಕು. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಚಕ್ಕೋತದ ಸಿಪ್ಪೆಯನ್ನು ಉಗುರಲ್ಲಿ ಗೀರಿ ಮೂಸಿ ನೋಡಿ, ಪಾಠ ಮರೆಯುವುದಿಲ್ಲ.

ಹಾಪ್ಸ್ ಜಾಸ್ತಿಯಾಗಿ ಕ್ಯಾರಮೆಲ್ ತೆಳುವಾದರೆ ಅದು ಪೇಲ್ ಏಲ್ ಕಡೆ ವಾಲುತ್ತದೆ. ಚಾಕೊಲೇಟ್ ವಾಸನೆ ಬಂದರೆ ಬ್ರೌನ್ ಏಲ್ ಕಡೆ.

ಈಗ ನಿಜವಾದ ತೊಡಕು. ಡೈಅಸಿಟೈಲ್ ಎಂಬ ದೋಷ ಬೆಣ್ಣೆಯ ವಾಸನೆ ಕೊಡುತ್ತದೆ, ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ತರಹ. ಪೇಲ್ ಏಲ್‌ನಲ್ಲಿ ಬೇಗ ಸಿಕ್ಕಿಬೀಳುತ್ತದೆ. ಆಂಬರ್‌ನಲ್ಲಿ ಕ್ಯಾರಮೆಲ್ ಹಿಂದೆ ಅವಿತುಕೊಳ್ಳುತ್ತದೆ. ಎರಡೂ ಸೇರಿದರೆ ಬೆಣ್ಣೆ ಹಾಕಿದ ಟಾಫಿಯ ಹಾಗಿರುತ್ತದೆ, ನಾಲಿಗೆಗೆ ಹಿತ. ಒಮ್ಮೆ ಅಭ್ಯಾಸಕ್ಕೆ ಕೂತಾಗ ಇಂಥದ್ದೇ ಒಂದು ಗ್ಲಾಸಿಗೆ ನಾನು ‘ಸೊಗಸಾದ ಕ್ಯಾರಮೆಲ್’ ಎಂದು ಬರೆದು, ಪರಿಮಳಕ್ಕೆ 10 ಕೊಟ್ಟಿದ್ದೆ. ಪಕ್ಕದಲ್ಲಿದ್ದ ಅನುಭವಿ ಜಡ್ಜ್ ಕೊಟ್ಟಿದ್ದು 6. ‘ಗ್ಲಾಸನ್ನು ಅಂಗೈಯಲ್ಲಿ ಹಿಡಿದುಕೊಂಡು ಸ್ವಲ್ಪ ಕಾಯಿರಿ’ ಎಂದರು. ಬಿಯರ್ ಬೆಚ್ಚಗಾಗುತ್ತಿದ್ದಂತೆ ಬೆಣ್ಣೆ ಮುಂದೆ ಬಂತು. ಗುಟುಕು ನುಂಗಿದ ಮೇಲೂ ನಾಲಿಗೆ ಮೇಲೆ ಜಾರುವ ಪದರ ಉಳಿಯಿತು. ಕ್ಯಾರಮೆಲ್ ಹಾಗೆ ಜಾರುವುದಿಲ್ಲ, ಸಿಹಿ ಕೊಟ್ಟು ಹೋಗುತ್ತದೆ. ಅವತ್ತಿನಿಂದ ಪ್ರತಿ ಆಂಬರ್ ಏಲನ್ನೂ ಎರಡು ಸಲ ಮೂಸುತ್ತೇನೆ, ತಣ್ಣಗಿದ್ದಾಗ ಒಮ್ಮೆ, ಬೆಚ್ಚಗಾದ ಮೇಲೆ ಒಮ್ಮೆ.

ಹಳೆಯ ಬಾಟಲಿಯಾದರೆ ಒದ್ದೆ ರಟ್ಟಿನ ವಾಸನೆಯನ್ನೂ ಹುಡುಕಿ. ಅದು ಗಾಳಿ ಸೋಕಿದ ಗುರುತು.

ಕರ್ನಾಟಕದವರಿಗೆ ನೆನಪಿಟ್ಟುಕೊಳ್ಳಲು ಒಂದು ಹೆಸರು: ರೆಡ್ ಟೇಲ್ ಏಲ್. ಅಮೆರಿಕದ ಹಳೆಯ ಆಂಬರ್ ಏಲ್‌ಗಳಲ್ಲಿ ಒಂದು. ಅದನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕಂಪನಿ 1983ರಲ್ಲಿ ಹಾಪ್‌ಲ್ಯಾಂಡ್ ಊರಲ್ಲಿ ಪಬ್ ತೆರೆದಿತ್ತು. 1997ರಲ್ಲಿ ಅದರಲ್ಲಿ ದೊಡ್ಡ ಪಾಲು ಕೊಂಡದ್ದು ನಮ್ಮ ಬೆಂಗಳೂರಿನ ಯುಬಿ ಗುಂಪು.

ಅಂಕಪಟ್ಟಿಯಲ್ಲಿ ‘ಡೈಅಸಿಟೈಲ್ ಇದೆ’ ಎಂದು ಬರೆದು ಸುಮ್ನೆ ಬಿಡಬೇಡಿ. ಬಿಯರ್ ಮಾಡಿದವರು ವಾರಗಟ್ಟಲೆ ಕಾದು ಕಳಿಸಿರುತ್ತಾರೆ. ಹುದುಗುವಾಗ ಹುಟ್ಟುವ ಡೈಅಸಿಟೈಲನ್ನು ಕೊನೆಗೆ ಯೀಸ್ಟೇ ತಿಂದು ಮುಗಿಸುತ್ತದೆ, ಅದಕ್ಕೆ ಸಮಯ ಮತ್ತು ಬಿಸುಪು ಬೇಕು ಅಷ್ಟೇ. ಹಾಗಾಗಿ ನಾನು ಹೀಗೆ ಬರೆಯುತ್ತೇನೆ: ‘ಕ್ಯಾರಮೆಲ್ ಚೆನ್ನಾಗಿದೆ, ಅದರ ಹಿಂದೆ ಬೆಣ್ಣೆ ಇದೆ. ತಣ್ಣಗೆ ಮಾಡುವ ಮೊದಲು ಇನ್ನೆರಡು ಮೂರು ದಿನ ಬೆಚ್ಚಗೆ ಯೀಸ್ಟ್ ಮೇಲೆಯೇ ಬಿಡಿ.’