ಡ್ರ್ಯಾಗನ್ ಟ್ಯಾಟೂ: ಮೊದಲು ಜಾಗ, ಆಮೇಲೆ ಡಿಸೈನ್

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಅಡಿಕೆ ತೋಟದ ಕೆಲಸ. ಡ್ರ್ಯಾಗನ್ ಟ್ಯಾಟೂ ಹಾಕಿಸಿಕೊಳ್ಳಬೇಕು ಅನ್ನೋದು ಬಹಳ ದಿನದ ಆಸೆ. ಫೋನ್ ತುಂಬ ಡಿಸೈನ್ ಇಟ್ಟುಕೊಂಡಿದ್ದೇನೆ, ತೀರ್ಮಾನ ಮಾತ್ರ ಆಗುತ್ತಿಲ್ಲ. ಯಾವ ಸ್ಟೈಲ್ ಒಳ್ಳೆಯದು? ಮೈಮೇಲೆ ಎಲ್ಲಿ ಹಾಕಿಸಲಿ?

ಉತ್ತರ: ಡಿಸೈನ್ ಸದ್ಯಕ್ಕೆ ಬದಿಗಿಡಿ, ಮೊದಲು ಜಾಗ ಗೊತ್ತುಮಾಡಿ. ಓಂ, ಹೂವು, ಹೆಸರು ಎಲ್ಲಿ ಬೇಕಾದರೂ ಕೂರುತ್ತವೆ. ಡ್ರ್ಯಾಗನ್ನಿಗೆ ಉದ್ದ ಮೈ, ನಾಲ್ಕು ಕಾಲು, ಉಗುರು, ಮೀಸೆ, ಸಾಲುಸಾಲು ಹುರುಪೆ. ಅಷ್ಟನ್ನೂ ಮಣಿಕಟ್ಟಿನ ಎರಡು ಇಂಚಿನಲ್ಲಿ ತುರುಕಿದರೆ ಹೊಸದರಲ್ಲಿ ಚೆಂದವೇ ಕಾಣುತ್ತದೆ. ವರ್ಷ ಕಳೆದಂತೆ ಚರ್ಮದೊಳಗಿನ ಶಾಯಿ ಹರಡಿ ಹುರುಪೆಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ಮುಂಗೈ ಹಚ್ಚೆ ನೋಡಿ. ಗೆರೆ ದಪ್ಪವಾಗಿ ಹಸಿರಿಗೆ ತಿರುಗಿರುತ್ತದೆ. ಆದರೂ ಚುಕ್ಕಿಗೂ ಚುಕ್ಕಿಗೂ ನಡುವೆ ಧಾರಾಳ ಜಾಗ ಬಿಟ್ಟಿದ್ದರೆ ಚಿತ್ರ ಇವತ್ತಿಗೂ ಗುರುತು ಸಿಗುತ್ತದೆ. ಮಷಿನ್ ಬಂದರೂ ಚರ್ಮದ ಗುಣ ಅದೇ.

ನನ್ನ ಆಯ್ಕೆ ಭುಜದಿಂದ ಮೊಣಕೈವರೆಗಿನ ತೋಳು. ಅಲ್ಲಿ ಮೈಯನ್ನು ತೋಳಿಗೆ ಸುತ್ತಿಸಿ, ತಲೆಯನ್ನು ಎದೆಯ ಕಡೆಗೆ ತಿರುಗಿಸಬಹುದು. ಕೈ ಎತ್ತಿ ಇಳಿಸಿದಂತೆ ಸ್ನಾಯುವಿನ ಜೊತೆ ಅದೂ ಅಲುಗುತ್ತದೆ. ತೊಡೆಯೂ ಒಳ್ಳೆಯದೇ. ಬೆನ್ನು ಎಲ್ಲಕ್ಕಿಂತ ವಿಶಾಲ, ಆದರೆ ಹಲವು ಸಲ ಕೂರಬೇಕು, ಖರ್ಚೂ ಹಾಗೇ. ಮುಂಗೈಯೇ ಬೇಕೆಂದರೆ ಇಡೀ ಪ್ರಾಣಿ ಬೇಡ; ತಲೆ, ಕತ್ತು, ಒಂದು ಪಂಜ ಸಾಕು. ಪಕ್ಕೆಲುಬಿನ ಮೇಲೆ ನೋವು ಜಾಸ್ತಿ. ಬೆರಳಿನ ಮೇಲೆ ಶಾಯಿ ಬೇಗ ಮಾಸುತ್ತದೆ. ಮೀನಖಂಡ ಸುಂದರ ಜಾಗವೇ, ಆದರೆ ವಾಸಿಯಾಗುವ ತನಕ ಗಂಬೂಟಿನ ಅಂಚು ಅಲ್ಲೇ ಉಜ್ಜುತ್ತದೆ, ಉಂಬಳ (ಜಿಗಣೆ) ಹತ್ತುವುದೂ ಅಲ್ಲೇ.

ಸೇನೆಗೋ ಅರೆಸೇನಾ ಪಡೆಗೋ ಅರ್ಜಿ ಹಾಕುವ ಯೋಚನೆ ಇದ್ದರೆ ಮೇಲೆ ಹೇಳಿದ್ದು ಯಾವುದನ್ನೂ ಮಾಡಬೇಡಿ. ಮುಂಗೈ ಒಳಭಾಗದಂಥ ಕೆಲವೇ ಜಾಗಕ್ಕೆ ಅಲ್ಲಿ ಒಪ್ಪಿಗೆ, ಯಾವ ಚಿತ್ರ ಅನ್ನುವುದಕ್ಕೂ ನಿಯಮ ಉಂಟು. ನೇಮಕಾತಿ ಪ್ರಕಟಣೆ ಓದಿದ ಮೇಲೆ ಮುಂದಿನ ಮಾತು.

ಇನ್ನು ಯಾವ ಡ್ರ್ಯಾಗನ್? ಚೀನಾ, ಜಪಾನಿನದು ಹಾವಿನಂಥ ಮೈಯದು, ಸಾಮಾನ್ಯವಾಗಿ ರೆಕ್ಕೆ ಇಲ್ಲ. ನೀರು, ಮೋಡ, ಮಳೆ ಅದರ ಅಧೀನ. ಚೀನಾದಲ್ಲಿ ಕಾಲಿಗೆ ಐದು ಉಗುರಿನ ಡ್ರ್ಯಾಗನ್ ಚಕ್ರವರ್ತಿಯ ಗುರುತಾಗಿತ್ತು, ಜಪಾನಿನದಕ್ಕೆ ಸಾಮಾನ್ಯವಾಗಿ ಮೂರು ಉಗುರು. ಡಿಸೈನ್ ಕೈಗೆ ಬಂದಾಗ ಉಗುರು ಎಣಿಸಿ, ಎರಡೂ ಕಲಸಿದ ಚಿತ್ರಗಳು ಬೇಕಾದಷ್ಟಿವೆ. ಯುರೋಪಿನದಕ್ಕೆ ಬಾವಲಿ ರೆಕ್ಕೆ, ದಪ್ಪ ಹೊಟ್ಟೆ, ಬಾಯಲ್ಲಿ ಬೆಂಕಿ. ಆಗುಂಬೆಯ ಮಳೆ ನೋಡಿ ಬೆಳೆದವರಿಗೆ ನೀರಿನ ಡ್ರ್ಯಾಗನ್ನೇ ಹತ್ತಿರ ಅಂತ ನನಗನ್ನಿಸುತ್ತದೆ. ಉದ್ದ ಮೈ ತೋಳಿಗೆ ಸುತ್ತಿಕೊಳ್ಳುವುದೂ ಸಲೀಸು.

ರೆಕ್ಕೆಯದೇ ಬೇಕಾದರೆ ನಿಮ್ಮ ತೋಟದಲ್ಲೇ ಮಾದರಿ ಇದೆ, ಹಾರುವ ಓತಿ. ಡ್ರಾಕೊ ಡುಸುಮಿಯೇರಿ ಅಂತ ಅದರ ವೈಜ್ಞಾನಿಕ ಹೆಸರು. ಪಶ್ಚಿಮ ಘಟ್ಟದ ಕಾಡಿನಲ್ಲೂ ಅಡಿಕೆ ತೋಟದಲ್ಲೂ ಮರದಿಂದ ಮರಕ್ಕೆ ತೇಲುತ್ತದೆ, ಇರುವೆ ತಿಂದು ಬದುಕುತ್ತದೆ. ಅದರ ರೆಕ್ಕೆ ಕೈಯಿಂದ ಹೊರಟದ್ದಲ್ಲ. ಉದ್ದ ಬೆಳೆದ ಪಕ್ಕೆಲುಬುಗಳ ಮೇಲೆ ಬಿಗಿದ ಚರ್ಮ ಅದು. ಕುಳಿತಾಗ ಮಡಿಚಿ ಮೈಗೆ ಅಂಟಿಸಿಕೊಳ್ಳುತ್ತದೆ. ಕಾಂಡದ ಮೇಲೆ ಕುಳಿತದ್ದರ, ತೇಲುತ್ತಿರುವುದರ ಫೋಟೋ ತೆಗೆದು ಕಲಾವಿದರಿಗೆ ಕೊಡಿ. ಆ ಪಕ್ಕೆಲುಬಿನ ರೆಕ್ಕೆ ಹಾಕಿ ಬರೆದ ಡ್ರ್ಯಾಗನ್ ಯಾವ ಕ್ಯಾಟಲಾಗಿನಲ್ಲೂ ಸಿಗಲಿಕ್ಕಿಲ್ಲ. ಬಾಲಕ್ಕೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಟ್ಟಿಕೆಯಲ್ಲಿರುವ ಮಕರಗಳನ್ನು ನೋಡಿ ಬನ್ನಿ, ಅಲ್ಲಿ ಬಾಲ ಬಳ್ಳಿಯಾಗಿ ಸುರುಳಿ ಬಿಚ್ಚುತ್ತದೆ.

ಸ್ಟೈಲ್ ವಿಷಯದಲ್ಲಿ ಜಪಾನೀ ಶೈಲಿ ಅಥವಾ ಬರೀ ಕಪ್ಪು ಶಾಯಿಯ ಕೆಲಸ ನಿಮಗೆ ಸರಿ. ದಪ್ಪ ಹೊರಗೆರೆ, ಹಿಂದೆ ಅಲೆ, ಮೋಡ, ನಡುವೆ ಅಲ್ಲಲ್ಲಿ ಖಾಲಿ ಚರ್ಮ. ಕೂದಲೆಳೆ ಗೆರೆಯ ಕೆಲಸ ಬಿಸಿಲಲ್ಲಿ ದುಡಿಯುವ ಮೈಗೆ ಬಾಳಿಕೆ ಬರುವುದಿಲ್ಲ. ನಮ್ಮ ಕಂದು ಚರ್ಮದ ಮೇಲೆ ಹಳದಿ, ಬಿಳಿ ಅಷ್ಟಾಗಿ ಏಳುವುದಿಲ್ಲ. ಕಪ್ಪು, ಗಾಢ ಕೆಂಪು, ಕಡುನೀಲಿ ನಿಲ್ಲುತ್ತವೆ. ಅಲರ್ಜಿ ಹೆಚ್ಚಾಗಿ ಬರುವುದು ಕೆಂಪು ಶಾಯಿಗೆ, ಅದಕ್ಕೇ ಮೊದಲು ಒಂದು ಚುಕ್ಕಿ ಹಾಕಿಸಿ ಕೆಲವು ವಾರ ಕಾಯಿರಿ.

ಮಳೆಗಾಲದಲ್ಲಿ ಖಂಡಿತ ಬೇಡ. ಮೇಲ್ಪದರ ಕೂಡಲು ಎರಡು ಮೂರು ವಾರ ಬೇಕು. ಅಷ್ಟರೊಳಗೆ ಒದ್ದೆ ಬಟ್ಟೆ, ಕೆಸರು, ಅಡಿಕೆಗೆ ಹೊಡೆಯುವಾಗ ಮೇಲಿಂದ ಸಿಡಿಯುವ ಬೋರ್ಡೋ ದ್ರಾವಣ. ಅದರಲ್ಲಿರುವ ಮೈಲುತುತ್ತ, ಸುಣ್ಣ ಹಸಿ ಗಾಯಕ್ಕೆ ತಾಗಲೇಬಾರದು. ಅಡಿಕೆ ಗೊನೆ ಕೊಯ್ಲು, ಸುಲಿತ, ಬೇಯಿಸೋದು ಎಲ್ಲ ಮುಗಿಸಿ ಫೆಬ್ರವರಿ ಹೊತ್ತಿಗೆ ಕೂರಿ. ಗಾಯ ಆರುವವರೆಗೆ ತುಂಗೆಯಲ್ಲಿ ಈಜು ಬೇಡ, ನೇರ ಬಿಸಿಲೂ ಬೇಡ. ಹೊಸ ಸೂಜಿಯ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ.

ಸೂಜಿಗೆ ಮುಂಚೆ ಚರ್ಮದ ಮೇಲೆ ಸ್ಟೆನ್ಸಿಲ್, ಅಂದರೆ ಡಿಸೈನಿನ ಗೆರೆಯಚ್ಚು, ಅಂಟಿಸುತ್ತಾರೆ. ಆಗ ಎದ್ದು ಕನ್ನಡಿ ಮುಂದೆ ನಿಲ್ಲಿ, ಕೈ ಎತ್ತಿ, ಮಡಚಿ, ತಿರುಗಿಸಿ ನೋಡಿ. ಡ್ರ್ಯಾಗನ್ನಿನ ಕಣ್ಣು ಮೊಣಕೈ ಮಡಿಕೆಯೊಳಗೆ ಸೇರಿಕೊಂಡರೆ ಒರೆಸಿ ಮತ್ತೆ ಅಂಟಿಸಲು ಕೇಳಿ. ಸಂಕೋಚ ಬೇಡ, ಒಳ್ಳೆಯ ಕಲಾವಿದರು ಎಷ್ಟು ಸಲ ಬೇಕಾದರೂ ಅಂಟಿಸಿಕೊಡುತ್ತಾರೆ.