ಮರಳು ಕೆಳಗಿಳಿಯುವುದು ಭಾರಕ್ಕಲ್ಲ

ಗಾಜಿನ ಲೋಟದಲ್ಲಿ ನೀರು ತೆಗೆದುಕೊಳ್ಳಿ. ಸೋಸಿ ಉಳಿದ ಟೀ ಚರಟ ಒಂದು ಚಿಟಿಕೆ ಹಾಕಿ. ಚಮಚದಿಂದ ಗಿರಗಿರನೆ ತಿರುಗಿಸಿ, ಚಮಚ ತೆಗೆದು ಸುಮ್ನೆ ನೋಡುತ್ತಾ ಕೂತುಕೊಳ್ಳಿ. ಚರಟ ನೀರಿಗಿಂತ ಭಾರ. ತಿರುಗುವ ನೀರು ಭಾರದ್ದನ್ನು ಹೊರಕ್ಕೆ ಎಸೆಯಬೇಕು, ಅಲ್ವಾ? ಆದರೆ ಚರಟವೆಲ್ಲ ತಳದ ನಟ್ಟನಡುವೆ ಬಂದು ಪುಟ್ಟ ಗುಪ್ಪೆಯಾಗಿ ಕೂರುತ್ತದೆ. 1926ರಲ್ಲಿ ಐನ್‌ಸ್ಟೈನ್ ಇದೇ ಎಳೆ ಹಿಡಿದು ನದಿಗಳು ಯಾಕೆ ಅಂಕುಡೊಂಕಾಗಿ ಹರಿಯುತ್ತವೆ ಎಂದು ವಿವರಿಸಿದರು. ಅದೇ ಎಳೆ ನಮ್ಮನ್ನು ಕಾಗದ ಕಾರ್ಖಾನೆಗೂ ಕರೆದೊಯ್ಯುತ್ತದೆ.

ಕಾಗದವಾಗುವ ಮೊದಲು ಪಲ್ಪ್ ಬಹುಪಾಲು ಬರೀ ನೀರು. 100 ಲೀಟರ್ ನೀರಿಗೆ ಸುಮಾರು 1 ಕಿಲೋ ನಾರು, ಕೆಲವೊಮ್ಮೆ ಇನ್ನೂ ಕಡಿಮೆ. ಅದರಲ್ಲಿ ಮರಳು, ತೊಗಟೆಯ ಚೂರು, ಹಳೆ ಕಾಗದದ ಜೊತೆ ಬಂದ ಸ್ಟೇಪಲ್ ಪಿನ್ನಿನ ತುಂಡು ಎಲ್ಲ ಇರುತ್ತವೆ. ಭದ್ರಾವತಿಯ ಕಾರ್ಖಾನೆಯಲ್ಲಿ ಬಳಸುತ್ತಿದ್ದಂಥ ಕಬ್ಬಿನ ಸಿಪ್ಪೆಯಾದರೆ ಗದ್ದೆಯ ಮಣ್ಣೂ ಜೊತೆಗೇ ಬರುತ್ತದೆ. ಜರಡಿ ಹಿಡಿದರಾಯಿತಲ್ಲ ಅನ್ನಬೇಡಿ. ಮರದ ನಾರು 2–3 ಮಿಲಿಮೀಟರ್ ಉದ್ದವಿದ್ದರೂ ಕೂದಲಿಗಿಂತ ತೆಳು. ಅದು ಬಳುಕಿಕೊಂಡು ದಾಟುವ ಸಂದಿಯಲ್ಲಿ ಸಣ್ಣ ಮರಳೂ ಆರಾಮಾಗಿ ದಾಟುತ್ತದೆ. ಅಕ್ಕಿಯಷ್ಟೇ ದಪ್ಪದ ಕಲ್ಲು ಜರಡಿಗೆ ಸಿಗದು ಅಂತ ತಾನೇ ನಮ್ಮ ಅಜ್ಜಿಯರು ಅಕ್ಕಿಯನ್ನು ನೀರಲ್ಲಿ ಗಾಳಿಸುತ್ತಿದ್ದುದು! ಇಲ್ಲೂ ಅಷ್ಟೇ. ಗಾತ್ರ ನೋಡಿ ಆರಿಸಲು ಆಗದು, ಸಾಂದ್ರತೆ ನೋಡಿ ಆರಿಸಬೇಕು. ಮರಳು ನೀರಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಸಾಂದ್ರ. ನೀರು ಕುಡಿದು ಉಬ್ಬಿದ ನಾರು ಹೆಚ್ಚುಕಡಿಮೆ ನೀರಿನಂತೆಯೇ.

ಈ ಕೆಲಸ ಮಾಡುವುದು ಹೈಡ್ರೋಸೈಕ್ಲೋನ್. ಕಾರ್ಖಾನೆಯವರ ಬಾಯಲ್ಲಿ ಸೆಂಟ್ರಿಕ್ಲೀನರ್. ಲಾಳಿಕೆಯನ್ನು ಉದ್ದಕ್ಕೆ ಎಳೆದಂಥ ಕೊಳವೆ. ಅಗಲದ ತುದಿಯಲ್ಲಿ ಪಲ್ಪ್ ಗೋಡೆಗೆ ಸವರಿಕೊಂಡು ಒಳನುಗ್ಗುತ್ತದೆ, ಸುತ್ತುತ್ತಾ ಚೂಪು ತುದಿಯ ಕಡೆ ಸಾಗುತ್ತದೆ. ಬಹುಪಾಲು ನೀರು, ನಾರು ಅಲ್ಲಿಂದ ಹಿಂತಿರುಗಿ, ನಡುವೆ ಇನ್ನೊಂದು ಸುಳಿಯಾಗಿ ಅಗಲದ ತುದಿಯಿಂದಲೇ ಹೊರಬರುತ್ತದೆ. ಮರಳು ಚೂಪು ತುದಿಯ ಸಣ್ಣ ತೂತಿನಿಂದ ಹೋಗುತ್ತದೆ.

ಇದನ್ನು ವಿವರಿಸುವಾಗ ಹೆಚ್ಚಿನವರು, 'ಮರಳು ಗೋಡೆಗೆ ಬಡಿದು, ಆಮೇಲೆ ತನ್ನ ಭಾರಕ್ಕೆ ಕೆಳಗೆ ಜಾರುತ್ತದೆ' ಎಂದುಬಿಡುತ್ತಾರೆ. ಮೊದಲರ್ಧ ನಿಜ. ಎರಡನೆಯದನ್ನು ಕೇಳಿದಾಗಲೆಲ್ಲ ನನಗೆ ತಡೆಯಲಾಗುವುದಿಲ್ಲ. 8 ಸೆಂಟಿಮೀಟರ್ ವ್ಯಾಸದ ಕ್ಲೀನರಿನಲ್ಲಿ ನೀರು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಸುತ್ತಿದರೆ, ಗೋಡೆಯ ಬಳಿ ಮರಳಿಗೆ ಬೀಳುವ ಒತ್ತು ಭೂಮಿಯ ಸೆಳೆತದ 90 ಪಟ್ಟು. ಅಂಥ ಕಡೆ ಭೂಮಿಯ ಸೆಳೆತ ಯಾವ ಲೆಕ್ಕ? ಕ್ಲೀನರನ್ನು ಅಡ್ಡ ಮಲಗಿಸಿ, ತಲೆಕೆಳಗು ಮಾಡಿ, ಅದು ಕೆಲಸ ಮಾಡುತ್ತದೆ.

ಹಾಗಾದರೆ ಮರಳನ್ನು ತುದಿಗೆ ಒಯ್ಯುವವರು ಯಾರು? ಲೋಟಕ್ಕೆ ವಾಪಸ್ ಬನ್ನಿ. ಸುತ್ತುವ ನೀರು ಹೊರಕ್ಕೆ ಒತ್ತುತ್ತದೆ, ಆದ್ದರಿಂದ ಅಂಚಿನಲ್ಲಿ ಒತ್ತಡ ಜಾಸ್ತಿ, ನಡುವೆ ಕಡಿಮೆ. ಈ ಒತ್ತಡ ನೀರನ್ನು ಒಳಕ್ಕೆ ದಬ್ಬುತ್ತಿರುತ್ತದೆ. ಎರಡೂ ಸಮ ಸಮ, ಹಗ್ಗಜಗ್ಗಾಟದ ಎರಡು ತಂಡಗಳ ಹಾಗೆ. ಆದರೆ ತಳಕ್ಕೆ ತಾಗಿದ ತೆಳು ಪದರ ಉಜ್ಜಿಕೊಂಡು ನಿಧಾನವಾಗುತ್ತದೆ. ಒಂದು ತಂಡ ಕೈಸೋತಿತು. ಒಳಕ್ಕೆ ದಬ್ಬುವ ಒತ್ತಡ ಮಾತ್ರ ಹಾಗೇ ಇದೆ. ಜಾತ್ರೆಯ ನೂಕುನುಗ್ಗಲಲ್ಲಿ ಎದುರು ತಳ್ಳುವುದನ್ನು ಬಿಟ್ಟವನನ್ನು ಜನ ಎತ್ತಿಕೊಂಡೇ ಹೋಗುವುದಿಲ್ಲವೇ? ಆ ಪದರವೂ ಹಾಗೇ ನಡುವಿಗೆ ಹೋಗುತ್ತದೆ, ಚರಟವನ್ನೂ ಎಳೆದುಕೊಂಡು. ಈಗ ತಳದ ಬದಲು ಓರೆ ಗೋಡೆ ಇದೆ ಎಂದುಕೊಳ್ಳಿ. ಓರೆ ಗೋಡೆಗೆ ಅಂಟಿಕೊಂಡು ಒಳಕ್ಕೆ ಸರಿಯುವುದು ಎಂದರೆ ಚೂಪು ತುದಿಯ ಕಡೆ ಸರಿಯುವುದು ಎಂದೇ ಅರ್ಥ. ಸುಳಿ ಮರಳನ್ನು ಗೋಡೆಗೆ ತಲುಪಿಸುತ್ತದೆ, ಗೋಡೆಯ ಸೋಮಾರಿ ಪದರ ಅದನ್ನು ತೂತಿಗೆ ತಲುಪಿಸುತ್ತದೆ.

ಸುಳಿಯ ಮಾತು ಬಂದಾಗ ಇನ್ನೊಂದು ನಂಬಿಕೆಯೂ ಎದ್ದುಬರುತ್ತದೆ, ಭೂಮಧ್ಯರೇಖೆ ದಾಟಿದರೆ ಸಿಂಕಿನ ನೀರು ಉಲ್ಟಾ ಸುತ್ತುತ್ತದೆ ಅಂತ. ಭೂಮಿಯ ತಿರುಗುವಿಕೆಯ ಪರಿಣಾಮ ಎಷ್ಟು ಸಣ್ಣದೆಂದರೆ, ಅದನ್ನು ಕಾಣಲು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಆಶರ್ ಶಪಿರೋ ಸುಮಾರು 1.8 ಮೀಟರ್ ಅಗಲದ ತೊಟ್ಟಿಯ ನೀರನ್ನು 24 ಗಂಟೆ ಅಲುಗಾಡದಂತೆ ಬಿಡಬೇಕಾಯಿತು. ಫಲಿತಾಂಶ ಪ್ರಕಟವಾದದ್ದು 1962ರಲ್ಲಿ. ಸಿಂಕಿನಲ್ಲಾಗಲಿ ಕ್ಲೀನರಿನಲ್ಲಾಗಲಿ ಸುಳಿಯ ದಿಕ್ಕು ನೀರು ಒಳಬಂದ ರೀತಿಯಿಂದಲೇ ತೀರ್ಮಾನವಾಗುತ್ತದೆ.

ಹೈಡ್ರೋಸೈಕ್ಲೋನಿಗೆ ಅಮೆರಿಕದಲ್ಲಿ ಬ್ರೆಟ್ನಿ ಎಂಬವರು ಪೇಟೆಂಟ್ ಪಡೆದದ್ದು 1891ರಲ್ಲಿ. ದಶಕಗಳ ಕಾಲ ಅದನ್ನು ಕೇಳುವವರೇ ಕಡಿಮೆ. ಮುಂದೆ ನೆದರ್ಲೆಂಡ್ಸಿನ ಕಲ್ಲಿದ್ದಲು ಗಣಿಯವರು ಅದಕ್ಕೆ ಜೀವ ಕೊಟ್ಟರು. ಕಾಗದದವರು ಸೈಕ್ಲೋನ್ ಬರುವ ಮೊದಲು ಪಲ್ಪನ್ನು ಉದ್ದುದ್ದ ಕಾಲುವೆಗಳಲ್ಲಿ ನಿಧಾನಕ್ಕೆ ಹರಿಸಿ, ಮರಳು ತಾನಾಗಿ ತಳಕ್ಕೆ ಕೂರಲಿ ಎಂದು ಕಾಯುತ್ತಿದ್ದರು. ಅದಕ್ಕೆ ಬೇಕಾಗುತ್ತಿದ್ದ ಜಾಗ ಎಷ್ಟು!

ಸೈಕ್ಲೋನಿಗೂ ಜಾಗದ ಸಮಸ್ಯೆ ಇದೆ. ಒಂದೇ ದೊಡ್ಡದು ಇಟ್ಟರೆ ಸಾಲದು. ವ್ಯಾಸ 30 ಸೆಂಟಿಮೀಟರ್ ಆದರೆ ಅದೇ ವೇಗಕ್ಕೆ 90 ಪಟ್ಟಿನ ಒತ್ತು 24ಕ್ಕೆ ಇಳಿಯುತ್ತದೆ. ಸಣ್ಣದೇ ಬೇಕು, ಸಣ್ಣದಕ್ಕೆ ಹಿಡಿಸುವುದು ಸ್ವಲ್ಪವೇ. ದಿನಕ್ಕೆ 200 ಟನ್ ಕಾಗದ ಮಾಡುವಲ್ಲಿ ನಿಮಿಷಕ್ಕೆ ಸುಮಾರು 14,000 ಲೀಟರ್ ಪಲ್ಪ್ ಹರಿಯುತ್ತದೆ. ಒಂದು ಕ್ಲೀನರ್ 120 ಲೀಟರ್ ತೆಗೆದುಕೊಂಡರೂ ಮೊದಲ ಹಂತಕ್ಕೇ ನೂರಕ್ಕೂ ಜಾಸ್ತಿ ಬೇಕು. ಒಂದೊಂದಕ್ಕೂ ಮೂರು ಪೈಪ್.

ಸೋಮಾರಿ ಪದರ ಗೊತ್ತಿದ್ದವರಿಗೆ ಇಲ್ಲಿ ದಾರಿ ಹೊಳೆಯುತ್ತದೆ. ಕ್ಲೀನರನ್ನು ನೆಟ್ಟಗೆ ನಿಲ್ಲಿಸಲೇಬೇಕಿಲ್ಲವಲ್ಲ, ಅಡ್ಡ ಮಲಗಿಸಿ, ಒಂದೇ ಡ್ರಮ್ಮಿನೊಳಗೆ ಒತ್ತೊತ್ತಾಗಿ ಜೋಡಿಸಬಹುದು. ಡ್ರಮ್ಮಿಗೆ ಒಳಗೋಡೆ ಹಾಕಿ ಮೂರು ಕೋಣೆ ಮಾಡುತ್ತಾರೆ. ಒಂದರಲ್ಲಿ ಒಳಬರುವ ಪಲ್ಪ್, ಒಂದರಲ್ಲಿ ಶುದ್ಧವಾದದ್ದು, ಒಂದರಲ್ಲಿ ಕಸ. ನೂರಾರು ಪೈಪು ಮಾಯ.

ಕಷ್ಟವೂ ಅಲ್ಲೇ ಇದೆ. ಗೋಡೆಯ ಪದರದಲ್ಲಿ ನಾರೂ ಸಿಕ್ಕಿಕೊಂಡು ತುದಿಯಲ್ಲಿ ದಟ್ಟವಾಗುತ್ತದೆ, ತೂತು ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಕ್ಲೀನರಿನ ಮರಳೆಲ್ಲ ಶುದ್ಧ ಪಲ್ಪಿಗೇ ಸೇರುತ್ತದೆ, ಡ್ರಮ್ಮಿನೊಳಗೆ ಅದು ಯಾರ ಕಣ್ಣಿಗೂ ಬೀಳದು. ಕೋಣೆಯ ಒಂದು ಮೂಲೆಗೂ ಇನ್ನೊಂದಕ್ಕೂ ಒತ್ತಡ ಬೇರೆಯಾದರೆ ಒಂದರ ಕಸ ಇನ್ನೊಂದರೊಳಕ್ಕೆ ಹಿಮ್ಮೆಟ್ಟಲೂಬಹುದು. ಹಾಗಂತ ತೂತು ದೊಡ್ಡದು ಮಾಡಿದರೆ ಒಳ್ಳೆ ನಾರು ಸೋರಿಹೋಗುತ್ತದೆ. ಅದಕ್ಕೇ ಮೊದಲ ಹಂತದ ಕಸಕ್ಕೆ ನೀರು ಬೆರೆಸಿ ಎರಡನೆಯದಕ್ಕೆ, ಅದರ ಕಸವನ್ನು ಮೂರನೆಯದಕ್ಕೆ ಕೊಡುತ್ತಾರೆ. ಉಳಿಸಿಕೊಂಡ ನಾರು ಹಿಂದಿನ ಹಂತಕ್ಕೆ ಮರಳುತ್ತದೆ. ಎಲ್ಲ ಸರಿಯಿದ್ದರೆ, ಕೊನೆಯ ತೂತಿನ ಕೆಳಗೆ ಬೊಗಸೆ ಒಡ್ಡಿದಾಗ ಕೈಗೆ ತರಿತರಿ ಮರಳು ಹತ್ತುತ್ತದೆ, ಅದರ ನಡುವೆ ಅಲ್ಲೊಂದು ಇಲ್ಲೊಂದು ಎಳೆ ನಾರು.