ಹಿಟ್ಟಿನ ಕೋಳಿಯ ವ್ಯಾಜ್ಯ

ಸೋಯಾ ಕಬಾಬು, ಬಟಾಣಿ ಪ್ರೋಟೀನಿನಿಂದ ಮಾಡಿದ 'ಚಿಕನ್', ನಾರುನಾರಾಗಿ ಬೆಂದು ಮಾಂಸದಂತೆಯೇ ಕಾಣುವ ಎಳೆ ಹಲಸಿನಕಾಯಿ. ಪೊಟ್ಟಣದ ಮೇಲೆ ಹಸಿರು ಚುಕ್ಕಿ ಇದ್ದರೂ ಇವನ್ನು ಕಂಡು ಮುಖ ಸಿಂಡರಿಸುವ ಸಸ್ಯಾಹಾರಿಗಳಿದ್ದಾರೆ. ಮಾಂಸವೇ ಬೇಡವೆಂದ ಮೇಲೆ ಅದರ ರುಚಿ ಏಕೆ ಬೇಕು ಎಂಬುದು ಅವರ ತಕರಾರು. ಪ್ರಾಣಿ ಸಾಯದಿದ್ದರೆ ಸಾಕಲ್ಲ, ರುಚಿಯ ಮೇಲೆ ನಿಮಗೇಕೆ ಕೋಪ ಎಂಬುದು ಎದುರು ಪಕ್ಷದ ಉತ್ತರ. ಕನ್ನಡ ನಾಡಿಗೆ ಈ ಜಗಳ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲೇ ಇಲ್ಲಿ ಹಿಟ್ಟಿನ ಪ್ರಾಣಿಯ ಬಗ್ಗೆ ಒಂದಕ್ಕೊಂದು ಹೊಂದದ ಎರಡು ತೀರ್ಪುಗಳು ಹೊರಬಿದ್ದಿವೆ.

ಮೊದಲನೆಯದು ಜೈನರದು. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ ಜನ್ನ 1209ರಲ್ಲಿ 'ಯಶೋಧರ ಚರಿತೆ'ಯನ್ನು ಬರೆದ. ಕಥೆ ಅವನಿಗಿಂತ ಹಳೆಯದು; 959ರಲ್ಲೇ ಸೋಮದೇವಸೂರಿ ಅದನ್ನು ಸಂಸ್ಕೃತದಲ್ಲಿ ವಿಸ್ತಾರವಾಗಿ ಹೇಳಿದ್ದ. ಯಶೋಧರ ರಾಜನಿಗೆ ಕೆಟ್ಟ ಕನಸು ಬಿದ್ದಿದೆ ಎಂದು ತಿಳಿದ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಮಗ ಅಹಿಂಸೆಯ ಮಾತಾಡುತ್ತಾನೆ. ತಾಯಿ ಪಟ್ಟು ಬಿಡುವುದಿಲ್ಲ. ಕೊನೆಗೆ ಇಬ್ಬರೂ ರಾಜಿಯಾಗುತ್ತಾರೆ: ಹಿಟ್ಟಿನಲ್ಲಿ ಒಂದು ಕೋಳಿ ಮಾಡಿ ಅದನ್ನೇ ಕಡಿಯುವುದು. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ.

ಅಲ್ಲಿಂದಾಚೆಗೆ ಕಥೆ ನಿಷ್ಠುರವಾಗುತ್ತದೆ. ವಿಷಪ್ರಾಶನದಿಂದ ಸತ್ತ ತಾಯಿ ಮಕ್ಕಳು ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿ ಎಂದು ಜನ್ಮದ ಮೇಲೆ ಜನ್ಮ ಎತ್ತುತ್ತಾರೆ. ಪ್ರತಿ ಜನ್ಮದಲ್ಲೂ ಕೊಲೆಯಾಗುತ್ತಾರೆ. ಮೀನಾಗಿ ಹುಟ್ಟಿದ ಯಶೋಧರ ತನ್ನದೇ ಶ್ರಾದ್ಧದ ಅಡುಗೆಗೆ ಬಲಿಯಾಗುತ್ತಾನೆ. ಮಗ ಅಪ್ಪನ ಸದ್ಗತಿಗೆಂದು ಅಪ್ಪನನ್ನೇ ಬೇಯಿಸಿ ಬಡಿಸುತ್ತಾನೆ. ಕೊಂದದ್ದು ಮುಷ್ಟಿಯಷ್ಟು ಹಿಟ್ಟನ್ನು. ತೆತ್ತದ್ದು ಇಷ್ಟೊಂದು ಸಾವುಗಳನ್ನು. ಅತಿಯಾಯಿತೆನ್ನಿಸುವುದು ಸಹಜ. ಆದರೆ ಜೈನ ನೀತಿಯ ಒಳಗೆ ನಿಂತು ನೋಡಿದರೆ ಲೆಕ್ಕ ಸರಿಯಾಗಿಯೇ ಇದೆ. ಅಲ್ಲಿ ಹಿಂಸೆಯನ್ನು ತೂಗುವುದು ಸತ್ತ ಜೀವದಿಂದಷ್ಟೇ ಅಲ್ಲ, ಕೊಲ್ಲುವ ಮನಸ್ಸಿನಿಂದಲೂ. ಉಳುವಾಗ ನೇಗಿಲಿಗೆ ಸಿಕ್ಕು ಸಾಯುವ ಹುಳುವಿನ ಪಾಪ ಬೇರೆ, ಕೊಲ್ಲಬೇಕೆಂದೇ ಕತ್ತಿ ಎತ್ತುವ ಸಂಕಲ್ಪ ಹಿಂಸೆಯ ಪಾಪ ಬೇರೆ. ಕತ್ತಿಯ ಕೆಳಗೆ ಹಿಟ್ಟಿತ್ತು ಎಂಬುದು ಯಶೋಧರನನ್ನು ಉಳಿಸಲಿಲ್ಲ.

ಅದೇ ಶತಮಾನದಲ್ಲಿ, ಘಟ್ಟದ ಕೆಳಗಿನ ಉಡುಪಿಯಲ್ಲಿ, ಎರಡನೆಯ ತೀರ್ಪು ಬಂತು. ಮಧ್ವಾಚಾರ್ಯರ ಪರಂಪರೆ ಯಜ್ಞದಲ್ಲಿ ಜೀವಂತ ಪಶುವನ್ನು ಬಿಟ್ಟು ಪಿಷ್ಟಪಶುವನ್ನು, ಅಂದರೆ ಹಿಟ್ಟಿನ ಪಶುವನ್ನು ತಂದಿತು. ಇದಕ್ಕೂ ಹಿಂದಿನ ಬೇರುಗಳಿವೆ. ಯಜ್ಞಕ್ಕೆ ಧಾನ್ಯವೋ ಆಡೋ ಎಂದು ಋಷಿಗಳಿಗೂ ದೇವತೆಗಳಿಗೂ ವಾದ ಬಿದ್ದಾಗ ಆಡೆಂದು ಹೇಳಿದ ಉಪರಿಚರ ವಸು ಆಕಾಶದಿಂದ ಕೆಳಗೆ ಬಿದ್ದ ಕಥೆ ಮಹಾಭಾರತದ ಶಾಂತಿಪರ್ವದಲ್ಲಿದೆ. ಆಸೆಯಾದರೆ ತುಪ್ಪದ ಇಲ್ಲವೇ ಹಿಟ್ಟಿನ ಪಶು ಮಾಡಿಕೊಳ್ಳಿ, ವೃಥಾ ಕೊಲ್ಲಬೇಡಿ ಎನ್ನುವ ಶ್ಲೋಕವೊಂದು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿದೆ. ಸಾಂಪ್ರದಾಯಿಕ ಯಾಜ್ಞಿಕರು ಹಿಟ್ಟನ್ನು ಒಪ್ಪಲಿಲ್ಲ. ವೇದವಿಹಿತವಾದದ್ದು ಹಿಂಸೆಯೇ ಅಲ್ಲ ಎಂಬುದು ಅವರ ನಿಲುವು. ಹೀಗೆ ಹಿಟ್ಟಿನ ಪಶು ಒಬ್ಬರಿಗೆ ಅತಿ ಮೃದುವಾಯಿತು, ಇನ್ನೊಬ್ಬರಿಗೆ ಪೂರ್ತಿ ಕೊಲೆಯೇ ಆಯಿತು, ಮತ್ತೊಬ್ಬರಿಗೆ ಮುಕ್ತಿಯ ದಾರಿಯಾಯಿತು.

ಜನ್ನನಿಗಿಂತ ಕೆಲವೇ ದಶಕ ಮುಂಚೆ ಬಸವಣ್ಣ ನೋಡಿದ್ದು ಮಾತ್ರ ಬೇರೆ ದಿಕ್ಕಿನಿಂದ. ಕೊಲ್ಲುವವನ ಪಾಪಪುಣ್ಯದ ಲೆಕ್ಕ ಹಾಕುವ ಬದಲು ಅವನು ಬಲಿಯಾಗುವ ಪ್ರಾಣಿಯನ್ನೇ ಮಾತಾಡಿಸಿದ. 'ಎಲೆ ಹೋತೇ ಅಳು ಕಂಡಾ, ವೇದವನೋದಿದವರ ಮುಂದೆ ಅಳು ಕಂಡಾ' ಎಂದ. ತನ್ನನ್ನು ಕೊಲ್ಲುತ್ತಾರೆಂದು ತಿಳಿಯದೆ ತೋರಣದ ತಳಿರನ್ನು ಮೇಯುವ ಹರಕೆಯ ಕುರಿಯನ್ನು ಕಂಡವನೂ ಅವನೇ. ಇಡೀ ಚರ್ಚೆಯಲ್ಲಿ ಪ್ರಾಣಿಯ ಕಣ್ಣಿಗೆ ಕಣ್ಣಿಟ್ಟು ನೋಡಿದ ಸಾಲುಗಳು ಇವೆಂದು ನನಗನ್ನಿಸುತ್ತದೆ.

ಸಂಕಲ್ಪದ ಅಳುಕು ಗ್ರಂಥಗಳಲ್ಲೇ ಉಳಿಯಲಿಲ್ಲ. ಆಯುಧಪೂಜೆಯ ದಿನ ವಾಹನದ ಮುಂದೆ ಕುಂಕುಮ ತುಂಬಿದ ಬೂದುಗುಂಬಳವನ್ನು ಒಡೆಯುತ್ತೇವೆ. ಅದು ಯಾವುದರ ಬದಲಿಗೆ ಎಂದು ಯಾರೂ ವಿವರಿಸಬೇಕಾಗಿಲ್ಲ, ಆ ಕೆಂಪೇ ಹೇಳುತ್ತದೆ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದು ಎಂಬ ನಂಬಿಕೆ ಇಂದಿಗೂ ಎಷ್ಟೋ ಮನೆಗಳಲ್ಲಿದೆ. ಗಂಡಸೊಬ್ಬ ಬಂದು ಒಡೆದುಕೊಟ್ಟ ಮೇಲೆಯೇ ಸಾಂಬಾರು.

ಇಪ್ಪತ್ತನೆಯ ಶತಮಾನಕ್ಕೆ ವ್ಯಾಜ್ಯ ಸರ್ಕಾರದ ಅಂಗಳಕ್ಕೆ ಬಂತು. 1934ರಲ್ಲಿ ಶಿರಸಿಗೆ ಬಂದ ಗಾಂಧೀಜಿ, ಪ್ರಾಣಿಬಲಿ ನಡೆಯುತ್ತದೆಂಬ ಕಾರಣಕ್ಕೆ ಮಾರಿಕಾಂಬಾ ದೇವಸ್ಥಾನಕ್ಕೆ ಕಾಲಿಡಲಿಲ್ಲ. ಮುಂದೆ ಅಲ್ಲಿ ಕೋಣನ ಬಲಿ ನಿಂತಿತು. ರಾಜ್ಯದ ಪ್ರಾಣಿಬಲಿ ನಿಷೇಧ ಕಾಯ್ದೆ ಬಂದದ್ದು 1959ರಲ್ಲಿ, ಅದಕ್ಕೆ ತಿದ್ದುಪಡಿಯಾದದ್ದು 1975ರಲ್ಲಿ. ರಾಜ್ಯದ ಕಾಯ್ದೆ ಬಂದ ಮರುವರ್ಷವೇ, ಅಂದರೆ 1960ರಲ್ಲಿ, ಕೇಂದ್ರವು ಪ್ರಾಣಿಹಿಂಸೆ ತಡೆ ಕಾಯ್ದೆ ಮಾಡಿತು. ಅದರ 28ನೆಯ ಕಲಮು ಯಾವುದೇ ಸಮುದಾಯದ ಧರ್ಮಕ್ಕೆ ಅಗತ್ಯವಾದ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ಅಪರಾಧವಲ್ಲ ಎನ್ನುತ್ತದೆ. ಎರಡು ಕಾಯ್ದೆಗಳೂ ಇಂದಿಗೂ ಒಟ್ಟಿಗೆ ಬಾಳುತ್ತಿವೆ.

ರಾಜ್ಯದ ಕಾಯ್ದೆ ತಡೆದದ್ದು ದೇವರೆದುರಿನ ಕೊಲೆಯನ್ನು, ತಿನ್ನುವುದನ್ನಲ್ಲ. ಮಾರಿಹಬ್ಬದ ಕುರಿ ಗುಡಿಯ ಮುಂದಿನಿಂದ ಮನೆಯ ಹಿತ್ತಿಲಿಗೋ ತೋಟಕ್ಕೋ ಹೋಯಿತು, ಅಷ್ಟೆ. ಬಲಿಯಲ್ಲಿ ಕ್ರೌರ್ಯವಿತ್ತು, ನಿಜ. ಆದರೆ ಅಲ್ಲಿ ಸಾವು ಊರಿನ ಕಣ್ಣೆದುರೇ ಇತ್ತು, ಮಾಂಸ ಪಾಲಾಗಿ ಹಂಚಿಹೋಗುತ್ತಿತ್ತು, ಕೊಂದವರು ತಾವು ಕೊಂದೆವೆಂದು ಬಲ್ಲವರಾಗಿದ್ದರು. ಈಗ ಫಾರಂ ಕೋಳಿ ಆರು ವಾರಕ್ಕೆಲ್ಲ ಎರಡು ಕಿಲೋ ತೂಗಿ ಅಂಗಡಿಗೆ ಬರುತ್ತದೆ. ದೇಶದಲ್ಲಿ ಕೋಳಿಗಳ ಸಂಖ್ಯೆ 85 ಕೋಟಿ ದಾಟಿತ್ತೆಂದು 2019ರ ಜಾನುವಾರು ಗಣತಿ ಹೇಳುತ್ತದೆ. ತಿನ್ನುವವನಿಗೆ ಕೊಲ್ಲುವ ಸಂಕಲ್ಪವಿಲ್ಲ, ಹಸಿವಷ್ಟೇ ಇದೆ. ಜನ್ನನ ಅಳತೆಗೋಲು ಇಲ್ಲಿ ಸೋಲುತ್ತದೆ: ಹಿಟ್ಟು ಕಡಿದವನಿಗೆ ನರಕ, ಚೀಲ ಹಿಡಿದು ಸರತಿಯಲ್ಲಿ ನಿಂತವನಿಗೆ ಏನೆಂದು ಅದು ಹೇಳುವುದು?

ಇನ್ನೂ ಒಂದು ಮಾತು. ಹಿಟ್ಟಿನ ಪಶುವಿನ ಚರ್ಚೆ ನಡೆಸಿದವರು ಬಹುಪಾಲು ಮಾಂಸ ಬಿಟ್ಟವರೇ. 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ಸುಮಾರು ಶೇ 79ರಷ್ಟು ಮಂದಿ ಮಾಂಸಾಹಾರಿಗಳು. ಅವರನ್ನು ಯಾರೂ ವಾದಕ್ಕೆ ಕರೆಯಲಿಲ್ಲ, ತೀರ್ಪನ್ನು ಮಾತ್ರ ಕಳಿಸಿಕೊಟ್ಟರು.

ಸೋಯಾ ಕಬಾಬಿನ ವಿಷಯದಲ್ಲಿ ನಾನು ಉಡುಪಿಯ ಪಕ್ಷ. ಯಶೋಧರನಿಗೆ ಬೇಕಾಗಿದ್ದದ್ದು ಬಲಿಯ ಫಲ. ಕಬಾಬು ತಿನ್ನುವವನಿಗೆ ಬೇಕಾಗಿರುವುದು ಕೊಲೆಯಿಲ್ಲದ ರುಚಿ. ಎರಡೂ ಒಂದೇ ಸಂಕಲ್ಪವಲ್ಲ. ಪ್ರಯೋಗಾಲಯದ ಮಾಂಸ ಬಂದರೆ ಮಾತ್ರ ಇಬ್ಬರ ತೀರ್ಪೂ ತೊಡಕಿಗೆ ಬೀಳುತ್ತದೆ, ಏಕೆಂದರೆ ಅದು ಹಿಟ್ಟಲ್ಲ, ನಿಜವಾದ ಮಾಂಸವೇ. 2013ರಲ್ಲಿ ಲಂಡನ್ನಿನಲ್ಲಿ ತಿಂದು ತೋರಿಸಿದ ಮೊದಲ ಬರ್ಗರ್‌ಗೆ ಸುಮಾರು ಎರಡೂವರೆ ಲಕ್ಷ ಯೂರೋ ಖರ್ಚಾಗಿತ್ತು. ಅದರ ಕೋಶಗಳು ಬೆಳೆದದ್ದು ಕರುವಿನ ಭ್ರೂಣದ ರಕ್ತದಿಂದ ತೆಗೆದ ದ್ರವದಲ್ಲಿ. ಕೊಲೆ ಪೂರ್ತಿ ತಪ್ಪಿರಲಿಲ್ಲ. 2020ರಲ್ಲಿ ಸಿಂಗಪುರ ಇಂತಹ ಕೋಳಿಮಾಂಸದ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. 2024ರಲ್ಲಿ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅಂಜಲ್, ಮಾಂಜಿಯಂತಹ ಮೀನುಗಳ ಕೋಶದಿಂದ ಮಾಂಸ ಬೆಳೆಸುವ ಯೋಜನೆಗೆ ಕೈಹಾಕಿತು. ಅದು ಮಾರುಕಟ್ಟೆಗೆ ಬಂದ ದಿನ ಉಡುಪಿಯ ರಥಬೀದಿಯಲ್ಲಿ ಶಾಸ್ತ್ರ ಕೇಳುತ್ತಾರೆ. ಐದಾರು ಕಿಲೋಮೀಟರ್ ಆಚೆ, ಮಲ್ಪೆಯ ಬಂದರಿನಲ್ಲಿ, ಕಿಲೋಗೆಷ್ಟು ಎಂದು ಕೇಳುತ್ತಾರೆ.